ಎರಡು ಸಲ ಹೇಳುತ್ತಿದ್ದ ಅಕ್ಕೋರು

ಮಾತಿಗೆ ಮೊದಲೇ ಅಕ್ಕೋರ ಗಂಟಲ ಮೇಲೆ ಎರಡು ನರ ಉಬ್ಬುತ್ತಿದ್ದವು. ಒಂದು ಕನ್ನಡದ್ದು, ಇನ್ನೊಂದು ತೆಲುಗಿನದು ಎಂದು ಹಿಂದೊಮ್ಮೆ ಬರೆದಿದ್ದೆ. ಅದು ನಾನು ಕಟ್ಟಿದ ಸುಳ್ಳು. ನರಗಳು ಮಾತ್ರ ನಿಜ.

ಎಪ್ಪತ್ತರ ದಶಕದ ಕೊನೆ. ಭತ್ತದ ನಾಟಿ ಕೂಲಿಗೆಂದು ಆಂಧ್ರದಿಂದ ಬಂದು ಗಂಗಾವತಿಯ ಕಾಲುವೆ ಬದಿ ಕ್ಯಾಂಪಿನಲ್ಲಿದ್ದವರು ನಾವು. ನಮ್ಮವರದು ತೆಲುಗು, ಪಕ್ಕದ ಊರಿನವರದು ಕನ್ನಡ, ನಡುವೆ ನೀರಿನ ಜಗಳ. ವಾರಕ್ಕೊಮ್ಮೆ ಮಧ್ಯಾಹ್ನ, ಎರಡೂ ಭಾಷೆ ಬಲ್ಲ ಅಕ್ಕೋರು ಎರಡೂ ಕಡೆಯ ಹೆಂಗಸರನ್ನು ಬೇವಿನ ಕೆಳಗೆ ಕೂಡಿಸಿ ಅಕ್ಷರ, ಆರೋಗ್ಯ ಹೇಳಿಕೊಡುತ್ತಿದ್ದರು. ಒಂದು ವಾರ ಬರೀ ಕನ್ನಡ, ಮರುವಾರ ಬರೀ ತೆಲುಗು. ತಿಳಿಯದಿದ್ದರೆ, "ಬಾಜೂಕ ಕುಂತಾಕಿನ್ನ ಕೇಳ್ರಿ. ಹಂಗರ ಒಬ್ಬರಿಗೊಬ್ಬರು ಮಾತಾಡ್ತೀರಿ," ಎನ್ನುತ್ತಿದ್ದರು.

ತೆಲುಗಿನ ವಾರ ಊರಿನವಳೊಬ್ಬಳು ಕೆಣಕುತ್ತಿದ್ದಳು: "ನಮಗ ನಿದ್ದಿ ಬರ್ಲಿ ಅಂತ ಹೇಳ್ತೀರೇನ್ರಿ ಅಕ್ಕೋರ?" ಆದರೂ ಹೆಂಗಸರು ಪಕ್ಕದವರನ್ನು ಕೇಳತೊಡಗಿದರು, ನಗತೊಡಗಿದರು.

ಮಳೆಗಾಲದಲ್ಲಿ ವಾಂತಿಭೇದಿ ಹಬ್ಬಿತು. ಅದು ಕನ್ನಡದ ವಾರ. ಕೂಸಿಗೆ ಭೇದಿಯಾದರೆ ನೀರು ನಿಲ್ಲಿಸಬೇಡಿ, ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಿರಿ ಎಂದರು. ಅವ್ವನ ಪಕ್ಕದಲ್ಲಿ ಕೂತಿದ್ದ ಊರಿನವಳು ಹಿಂದಿನ ದಿನವಷ್ಟೇ ಅವಳೊಂದಿಗೆ ನೀರಿಗಾಗಿ ಜಗಳಾಡಿದ್ದಳು. ಅವ್ವ ಅವಳನ್ನು ಕೇಳಲಿಲ್ಲ, ತಿಳಿದವಳಂತೆ ತಲೆಯಾಡಿಸಿದಳು. ಅಲ್ಲೇ ಕೂತಿದ್ದ ನಾನು ಕನ್ನಡ ಶಾಲೆಗೆ ಹೋಗುತ್ತಿದ್ದೆ. ನನಗೆ ತಿಳಿದಿತ್ತೇ? ಒಮ್ಮೊಮ್ಮೆ ತಿಳಿದಿತ್ತು ಎನಿಸುತ್ತದೆ.

ನಾಲ್ಕು ದಿನಕ್ಕೆ ನನ್ನ ತಂಗಿ ಭೇದಿಯಿಂದ ಮಲಗಿದಳು. ನೀರು ಕುಡಿದರೆ ಭೇದಿ ಹೆಚ್ಚುತ್ತದೆಂದು ಅವ್ವ ಕೊಡವನ್ನು ಮರೆಗಿಟ್ಟಳು. ತಂಗಿ ನನ್ನ ಲಂಗದ ಒದ್ದೆ ಅಂಚನ್ನು ಚೀಪಿದಳು. ಓಡಿಬಂದ ಅಕ್ಕೋರು ತೆಲುಗಿನಲ್ಲಿ ಕೇಳಿದರು, ನೀರು ಕೊಟ್ಟೆಯಾ? ಒಂದು ಹನಿಯನ್ನೂ ಕೊಟ್ಟಿಲ್ಲ ಎಂದಳು ಅವ್ವ, ಜೋಪಾನ ಮಾಡಿದವಳ ದನಿಯಲ್ಲಿ.

ಅಕ್ಕೋರು ಚಮಚ ಹಿಡಿದು ಕೂತರು. ಆಸ್ಪತ್ರೆಗೆ ಒಯ್ಯುವ ಬಂಡಿ ಬರುವ ಮುಂಚೆ ನೀರು ತಂಗಿಯ ಬಾಯಂಚಿನಿಂದ ಹೊರಗೆ ಹರಿಯತೊಡಗಿತು.

"ತಪ್ಪು ನಂದವ್ವ. ನಾ ಶಾಣ್ಯಾತನ ಮಾಡಾಕ ಹೋದೆ," ಎಂದರು ಅಕ್ಕೋರು. ಕನ್ನಡದಲ್ಲಿ. ಅವ್ವನಿಗೆ ತಿಳಿಯಲಿಲ್ಲ. ನಾನೂ ತಿಳಿಸಿ ಹೇಳಲಿಲ್ಲ.

ಆಮೇಲೆ ಅವರು ಎಲ್ಲವನ್ನೂ ಎರಡು ಸಲ ಹೇಳುತ್ತಿದ್ದರು, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಕನ್ನಡವಷ್ಟೇ ಬಲ್ಲ ಬಸ್ಸಿನ ಕಂಡಕ್ಟರನಿಗೂ ಹಾಗೆಯೇ. ಜನ ನಗುತ್ತಿದ್ದರು.

ಹತ್ತು ವರ್ಷದ ಬಳಿಕ, ಅಕ್ಕೋರು ಹಿಟ್ನಾಳದಲ್ಲಿ ತಮ್ಮ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕೋಣೆಯಲ್ಲಿದ್ದವಳು ನಾನೊಬ್ಬಳೇ.

"ನೀರು ಕೊಡವ್ವ," ಎಂದರು. ಕುಡಿಸಿದೆ. ಲೋಟ ಕೆಳಗಿಡುವಷ್ಟರಲ್ಲಿ ಆ ನರಗಳು ಮತ್ತೆ ಉಬ್ಬಿದವು.

"ನೀಳ್ಳು ಇವ್ವಮ್ಮಾ."

ಮರುದಿನ ಹೋದರು. ನಾನು ಎರಡು ಸಲವೂ ಕುಡಿಸಿದ್ದೆ.