ಅಪ್ಪ ಗುಡಿಸಿಟ್ಟ ಕ್ವಾರಿ

ಕ್ವಾರಿಯ ಕಲ್ಲಿನಲ್ಲಿ ಎಂದೂ ಹಸಿರು ಹುಟ್ಟುವುದಿಲ್ಲ ಎಂದವನು ನಮ್ಮಪ್ಪ. ಇಳಕಲ್ಲಿನ ಸುತ್ತ ಇಪ್ಪತ್ತು ವರ್ಷ ಗ್ರಾನೈಟಿಗೆ ತೂತು ಕೊರೆದವನು. ಅವನ ಮಾತಿಗೆ ಎದುರಿರಲಿಲ್ಲ. ಅವನ ಮಗಳು, ಅಂದರೆ ನಾನು, ಡಿಗ್ರಿ ಮುಗಿಸುವುದಿಲ್ಲ ಎಂದು ಓಣಿಯವರು ಅಂದಾಗ ಮಾತ್ರ ಅವನು ಜಗಳಕ್ಕೆ ನಿಲ್ಲುತ್ತಿದ್ದ.

ಬಾಗಲಕೋಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಸರ್ ಕೊನೆಯ ವರ್ಷದ ಪ್ರಾಜೆಕ್ಟ್ ಕೊಟ್ಟರು. "ಮನಷ್ಯಾರೆಲ್ಲ ಒಮ್ಮಿಗೇ ಇಲ್ಲದಂಗಾದ್ರ ನಿಮ್ಮೂರಾಗ ಮೊದಲ ಏನ್ ಬೆಳೀತೈತಿ? ನೋಡ್ಕೊಂಡ ಬರ್ರಿ."

ನನಗೆ ನೆನಪಾದದ್ದು ಅಪ್ಪ ದುಡಿದಿದ್ದ, ಮುಚ್ಚಿ ಏಳು ವರ್ಷವಾದ ಕ್ವಾರಿ. ಒಬ್ಬಳೇ ಹೋದೆ. ಕೆಳಗೆ ಮಳೆನೀರು ನಿಂತಿತ್ತು, ದಂಡೆಗೆ ಜಾಲಿ. ಕಲ್ಲುಪುಡಿಯಲ್ಲಿ ಟಿಟ್ಟಿಭ ಹಕ್ಕಿ ನಾಲ್ಕು ತತ್ತಿ ಇಟ್ಟಿತ್ತು. ಒಡೆಯದೆ ಬಿಟ್ಟ ಬಂಡೆಯ ತೂತುಗಳಲ್ಲಿ ಧೂಳು ಕೂತು, ಸಾಲಾಗಿ ಅರಳಿ ಸಸಿಗಳು.

"ಸಿಕ್ತೇನವ್ವಾ ಹುಲ್ಲ?" ಮನೆಗೆ ಬಂದ ಕೂಡಲೇ ಅಪ್ಪ ಕಿಸಕ್ಕನೆ ನಕ್ಕ.

"ಅರಳಿ ಗಿಡ ಸಿಕ್ತಪ್ಪಾ. ನೀ ಕೊರದ ತೂತಿನ್ಯಾಗ."

"ನಾ ಕೊರದಿದ್ರಾಗ?" ಸಂಜೆಯೊಳಗೆ ಓಣಿಗೆಲ್ಲ ಹೇಳಿ ಬಂದ.

ಸೋಮವಾರ ಸರ್ ಖುದ್ದಾಗಿ ನೋಡಲು ಬರುತ್ತಾರೆಂದು ಕಾಲೇಜಿನಿಂದ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಏನನ್ನೂ ಮುಟ್ಟಬೇಡ ಎಂಬುದೊಂದನ್ನು ಹೇಳಲಿಲ್ಲ. ಕ್ವಾರಿಗೆ ಸಾಹೇಬರು ಬಂದರೆ ಮುಳ್ಳು ಕಡಿದು, ಪುಡಿ ಗುಡಿಸಿ, ಬಣ್ಣ ಕಾಣಲೆಂದು ಕಲ್ಲಿಗೆ ನೀರು ಹೊಡೆದಿಡುವುದು ಕ್ವಾರಿ ಕೆಲಸಗಾರರ ಪದ್ಧತಿ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಸೋಮವಾರ ಅಪ್ಪ ಒಗೆದ ಧೋತರ ಉಟ್ಟು ಕ್ವಾರಿಯ ಬಾಯಿಗೆ ನಿಂತಿದ್ದ. ಹಳೆಯ ಜೊತೆಗಾರರಿಬ್ಬರನ್ನು ಕರೆದುಕೊಂಡು ನಸುಕಿನಲ್ಲೇ ಬಂದಿದ್ದನಂತೆ. ಕಲ್ಲು ಕೆಂಪಗೆ ಹೊಳೆಯುತ್ತಿತ್ತು. ಜಾಲಿ ಒಂದು ಕಡೆ ಗುಡ್ಡೆ, ಕಿತ್ತ ಅರಳಿ ಸಸಿಗಳು ಅದರ ಮೇಲೆ. ತಲೆಯ ಮೇಲೆ ಎರಡು ಟಿಟ್ಟಿಭ ಚೀರುತ್ತ ಸುತ್ತುತ್ತಿದ್ದವು.

"ಬರ್ರಿ ಸರ! ಈಗ ನೋಡ್ರಿ, ಕಲ್ಲ ಹೆಂಗ ಕಾಣತೈತಿ!"

ಸರ್ ನನ್ನ ಮುಖ ನೋಡಿದರು. ನಾನು "ಭಾಳ ಚೊಲೋ ಮಾಡೀದಿಯಪ್ಪಾ" ಅಂದೆ. ಅನ್ನುತ್ತಲೇ ಕಸದ ಗುಡ್ಡೆಯಿಂದ ತತ್ತಿಯ ಚೂರೊಂದನ್ನು ಎತ್ತಿಕೊಂಡೆ. ಅಪ್ಪ ಅದನ್ನು ನೋಡಿದ. ನಗು ಅಲ್ಲಿಗೇ ನಿಂತಿತು.

ಮೊದಲೇ ತೆಗೆದಿದ್ದ ಫೋಟೋ, ಟಿಪ್ಪಣಿಗಳಿಂದ ಪ್ರಾಜೆಕ್ಟ್ ಪಾಸಾಯಿತು. "ಆದದ್ದನ್ನೂ ಬರೀರಿ" ಎಂದಿದ್ದರು ಸರ್. 'ಮಾನವ ಹಸ್ತಕ್ಷೇಪದಿಂದ ನಾಶ' ಎಂದು ಬರೆದೆ. ಆ ಮಾನವ ನನ್ನಪ್ಪ, ನನ್ನ ಸಲುವಾಗಿ ಗುಡಿಸಿದ, ನಾನೇ ತಡೆಯಲಿಲ್ಲ ಎಂದು ಬರೆಯುವ ಧೈರ್ಯ ಬರಲಿಲ್ಲ. ಇವತ್ತಿಗೂ ಆ ಸಾಲು ಚುಚ್ಚುತ್ತದೆ.

ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಮೊದಲು ಅವನ ಕೈಗೇ ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದ. ಬಹಳ ಹೊತ್ತು ನೋಡಿದ.

"ಅವತ್ತ ನೀ ನನ್ನ ಬೈದಿದ್ರ ಚೊಲೋ ಇತ್ತವ್ವಾ," ಅಂದ. "ಆ ಕ್ವಾರಿ ಕಡೆ ಇನ್ನ ನಾ ಹಾಯಾಂಗಿಲ್ಲ. ನೀನೂ ಹೋಗಬ್ಯಾಡ. ಗಿಡಾ, ಹಕ್ಕಿ ಬರೂದಿದ್ರ ತಾವ ಬರ್ಲಿ."