ಹಳದಿ ಪಟ್ಟಿ ಮತ್ತು ನನ್ನ ಓರಗಿತ್ತಿ

ನನ್ನ ಓರಗಿತ್ತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೊದಲು ಮೇಲೆ ಬರುವುದು ಹೊಟ್ಟೆಕಿಚ್ಚು. ಅದನ್ನು ಬದಿಗಿಟ್ಟು ಬರೆಯಲು ನನ್ನಿಂದ ಆಗದು. ಆದ್ದರಿಂದ ಅದನ್ನೂ ಸೇರಿಸಿಯೇ ಬರೆಯುತ್ತೇನೆ.

ಅವಳು ನನ್ನ ಭಾವನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಒಂದೇ ಮನೆ, ಕೆಳಗೆ ಅವರು, ಮೇಲೆ ನಾವು. ಕೆಳಗಿನ ಮುಂದಿನ ಕೋಣೆಯಲ್ಲಿ ಅವಳ ಪಾರ್ಲರ್. ಒಂದು ಉದ್ದ ಕನ್ನಡಿ, ಕಾಲಲ್ಲಿ ಒತ್ತಿದರೆ ಮೇಲೇಳುವ ಕುರ್ಚಿ, ಬಕೆಟ್ಟಿನ ತುಂಬ ಕತ್ತರಿಸಿದ ಕೂದಲು. ನಾನು ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕಾಲರ್ ಹೊಲಿದು ಸೊಂಟ ಹಿಡಿದುಕೊಂಡು ಬರುವಾಗ, ಇವಳು ಗಿರಾಕಿಗಳ ಜೊತೆ ಹರಟುತ್ತ ನಿಂತಿರುತ್ತಾಳೆ. ಅವಳೂ ಬೆಳಗಿನಿಂದ ನಿಂತೇ ಇರುತ್ತಾಳೆ ಎನ್ನುವುದು ನನಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುತ್ತದೆಯೇ?

ಅವಳ ಮಗಳಿಗೆ ಹದಿನಾಲ್ಕು. ಹುಟ್ಟಿದಾಗಿನಿಂದ ಕಾಲಿಗೂ ಬೆನ್ನಿಗೂ ಬಲವಿಲ್ಲ, ಗಾಲಿ ಕುರ್ಚಿಯಲ್ಲೇ ಓಡಾಟ. ಕೂತಲ್ಲಿಂದಲೇ ಮನೆಮಂದಿಗೆಲ್ಲ ಅಪ್ಪಣೆ ಕೊಡುತ್ತಾಳೆಂದು ನಮ್ಮ ಮಾವನವರು ಅವಳಿಗೆ ರಾಣಿ ಎಂದು ಹೆಸರಿಟ್ಟರು. ನನ್ನ ಮಗ ಗುಂಡನಿಗೆ ಒಂಬತ್ತು. ಕೈಕಾಲು ಗಟ್ಟಿ, ನೋಡಲು ಮುದ್ದಾಗಿದ್ದಾನೆ. ಆದರೆ ಗಲಾಟೆ, ಜನರ ನೂಕಾಟ, ಯಾವಾಗ ಮುಗಿಯುತ್ತದೆಂದು ತಿಳಿಯದ ಕಾಯುವಿಕೆ, ಈ ಮೂರೂ ಅವನಿಗೆ ಆಗಿಬರುವುದಿಲ್ಲ. ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದುಬಿಡುತ್ತಾನೆ. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದ್ದಾರೆ. ಬೀದಿಯವರು ಗಿಡ್ಡ ಹೆಸರು ಹೇಳುತ್ತಾರೆ: ಹಟಮಾರಿ.

ರಾಣಿಯ ಕುರ್ಚಿ ಕಂಡರೆ ಬಸ್ಸಿನಲ್ಲಿ ಜನ ಎದ್ದು ಜಾಗ ಕೊಡುತ್ತಾರೆ, ಆಸ್ಪತ್ರೆಯಲ್ಲಿ ಮುಂದೆ ಬಿಡುತ್ತಾರೆ. ಗುಂಡ ಬಿದ್ದು ಹೊರಳಿದರೆ ನನ್ನ ಕಡೆ ತಿರುಗಿ ಮೂಗು ಮುರಿಯುತ್ತಾರೆ. ಗಾಲಿ ಕುರ್ಚಿ ಕಂಡು ಹೊಟ್ಟೆ ಉರಿದುಕೊಳ್ಳುವ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ನಾಚಿಕೆಯಾಗುತ್ತದೆ, ಆದರೂ ಉರಿಯುತ್ತದೆ.

ಇದಕ್ಕಿಂತ ದೊಡ್ಡ ಉರಿ ಇನ್ನೊಂದಿದೆ. ಗುಂಡ ತನ್ನ ತಲೆ ಮುಟ್ಟಲು ನನಗೆ ಬಿಡುವುದಿಲ್ಲ. ಬಾಚಣಿಗೆ ಹಿಡಿದರೆ ಮನೆಯೆಲ್ಲ ಓಡಾಡಿಸುತ್ತಾನೆ. ಅದೇ ಮಗ ಅವಳ ಕುರ್ಚಿಯಲ್ಲಿ ಕೂತು ಕೂದಲು ಕತ್ತರಿಸಿಕೊಳ್ಳುತ್ತಾನೆ. ಅವಳದೊಂದು ಕ್ರಮವಿದೆ. "ಇವತ್ತು ಮೂವತ್ತು ಕತ್ತರಿ" ಎಂದು ಮೊದಲೇ ಹೇಳಿ, ಮೂವತ್ತು, ಇಪ್ಪತ್ತೊಂಬತ್ತು ಎಂದು ಇಳಿಸುತ್ತ ಬರುತ್ತಾಳೆ. ಸೊನ್ನೆ ಬಂದಾಗ ಒಂದು ಕಡೆ ಓರೆಕೋರೆ ಉಳಿದಿದ್ದರೂ ಕತ್ತರಿ ಕೆಳಗಿಡುತ್ತಾಳೆ. ಎಷ್ಟೋ ಸಲ ನನ್ನ ಮಗ ಅರ್ಧ ಕ್ರಾಪಿನಲ್ಲೇ ಸ್ಕೂಲಿಗೆ ಹೋಗಿದ್ದಾನೆ. ನಾನಾದರೋ ಬಾಚುವಾಗ "ಆಯ್ತು, ಆಯ್ತು, ಮುಗೀತು" ಎನ್ನುತ್ತಲೇ ಬಾಚುತ್ತಿರುತ್ತೇನೆ. ಯಾವ ತಾಯಿ ಹಾಗನ್ನುವುದಿಲ್ಲ?

ಅಂತೂ ರಜೆಯಲ್ಲಿ ಮಕ್ಕಳನ್ನು ಆಟದ ಪಾರ್ಕಿಗೆ ಕರೆದೊಯ್ಯುವ ಮಾತಾಯಿತು. ಗುಂಡನಿಗೆ ಬೇಕಾದದ್ದು ಒಂದೇ, ಜೈಂಟ್ ವ್ಹೀಲ್. ಮನೆಯ ತಟ್ಟೆ, ಮುಚ್ಚಳ, ಫ್ಯಾನು ಎಲ್ಲದರಲ್ಲೂ ಅವನು ಅದನ್ನೇ ತಿರುಗಿಸುತ್ತಿದ್ದ. ಆ ಪಾರ್ಕಿನಲ್ಲಿ ಸಾಲಿನಲ್ಲಿ ನಿಲ್ಲಲಾಗದವರ ಕೈಗೆ ಹಳದಿ ಪಟ್ಟಿ ಕಟ್ಟುತ್ತಾರೆ. ಅದನ್ನು ಆಟದ ಬಾಗಿಲಲ್ಲಿ ತೋರಿಸಿದರೆ, ಇಂಥ ಹೊತ್ತಿಗೆ ಬನ್ನಿ ಎನ್ನುತ್ತಾರೆ. ಅಲ್ಲಿಯವರೆಗೆ ನೆರಳಲ್ಲಿ ಕೂತಿದ್ದು ನೇರ ಹೋಗಿ ಹತ್ತಿದರಾಯಿತು. ಕಾಯುವುದು ತಪ್ಪುವುದಿಲ್ಲ, ನೂಕುನುಗ್ಗಲು ತಪ್ಪುತ್ತದೆ. ನನ್ನ ಮಗನಿಗೆಂದೇ ಯಾರೋ ಕೂತು ಯೋಚಿಸಿದ ಹಾಗಿತ್ತು.

ಕೌಂಟರಿನ ಹುಡುಗಿ ರಾಣಿಯ ಕುರ್ಚಿ ನೋಡಿದ್ದೇ ತಡ, ನಗುನಗುತ್ತ ಪಟ್ಟಿ ಕಟ್ಟಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು. ಆಮೇಲೆ ನಾನು ಗುಂಡನನ್ನು ಮುಂದೆ ನಿಲ್ಲಿಸಿ ಅವನ ತೊಂದರೆ ಹೇಳತೊಡಗಿದೆ. ಅಷ್ಟರಲ್ಲಿ ಅವನು ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತು, "ನಮಸ್ಕಾರ. ಚೆನ್ನಾಗಿದೀರಾ?" ಎಂದುಬಿಟ್ಟ.

ಅದು ನಾನೇ ಕಲಿಸಿದ್ದು. ಪಾರ್ಲರಿಗೆ ಬಂದವರೆಲ್ಲ ರಾಣಿಯ ಮಾತನ್ನು ಹೊಗಳುವುದು ಕೇಳಿ ಕೇಳಿ ಮೈ ಪರಚಿಕೊಳ್ಳುವಂತಾಗಿ, ವರ್ಷವಿಡೀ ಕನ್ನಡಿ ಮುಂದೆ ನಿಲ್ಲಿಸಿ ತಿದ್ದಿದ್ದೆ. ಹೊಸಬರು ಕಂಡರೆ ಕೈ ಕಟ್ಟು, ಕಣ್ಣು ನೋಡಲಾಗದಿದ್ದರೆ ಅವರ ಮೂಗು ನೋಡು, ನಮಸ್ಕಾರ ಹೇಳು. ಪಾಠ ಒಪ್ಪಿಸಬಾರದ ಜಾಗದಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದ.

"ಎಷ್ಟು ಜಾಣ ಮಗು! ಇವನಿಗೇನು ತೊಂದ್ರೆ?" ಎಂದಳು ಹುಡುಗಿ.

"ಸಾಲಲ್ಲಿ ನಿಲ್ಲಕ್ಕಾಗಲ್ಲ ಇವನಿಗೆ."

"ಇಲ್ಲಿ ನಿಂತಿದಾನಲ್ಲ. ಈ ಪಟ್ಟಿ ನಿಜವಾಗ್ಲೂ ಬೇಕಾದೋರಿಗೆ, ಮೇಡಂ."

ನನಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕ ಹಿಂದಿನಿಂದ ಮೆಲ್ಲಗೆ, "ಬಿಡೇ, ರಾಣಿ ಪಟ್ಟಿಗೆ ಜೊತೇಲಿ ಮೂರು ಜನ ಹೋಗ್ಬಹುದಂತೆ. ಗುಂಡನೂ ಅದ್ರಲ್ಲೇ ಬರ್ಲಿ" ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದೇ ನನ್ನ ನೆತ್ತಿಗೇರಿತು.

"ನನ್ನ ಮಗ ಯಾರ ಬಾಲಂಗೋಚಿನೂ ಅಲ್ಲ, ಅಕ್ಕ" ಎಂದು ಅವನ ಕೈ ಎಳೆದುಕೊಂಡು ಹೋಗಿ ಜೈಂಟ್ ವ್ಹೀಲಿನ ಸಾಲಿನಲ್ಲಿ ನಿಂತೆ.

ಬಿಸಿಲು, ಕಬ್ಬಿಣದ ಕಂಬಿಗಳು, ಮೈಕಿನಲ್ಲಿ ಹಾಡು. "ಇನ್ನೇನು ಬಂತು ಕಣೋ" ಎಂದೆ. ಸಾಲು ಅಲ್ಲಾಡಲಿಲ್ಲ. "ಇನ್ನೇನು ಬಂತು" ಎಂದೆ ಮತ್ತೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಮೂರನೆಯ ಸಲ ಹೇಳಿದಾಗ ಹಿಂದಿನವರ ಚೀಲ ಅವನ ಬೆನ್ನಿಗೆ ತಗುಲಿತು. ಅಷ್ಟೇ. ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು, ಹಣೆ ಚಚ್ಚಿಕೊಳ್ಳತೊಡಗಿದ. ಹಣೆಯ ಕೆಳಗೆ ನನ್ನ ಅಂಗೈ ಇಟ್ಟೆ. ಅದರ ಮೇಲೇ ಚಚ್ಚಿದ. "ನಾಲ್ಕು ಬಾರಿಸಿದ್ರೆ ಸರಿಹೋಗ್ತಾನೆ" ಎಂದ ಒಬ್ಬ ಮುದುಕ. ಅವನನ್ನು ನೆನೆದರೆ ಈಗಲೂ ನನ್ನ ಕೈ ತುರಿಸುತ್ತದೆ.

ಆಗ "ಸ್ವಲ್ಪ ದಾರಿ ಬಿಡ್ರೀ" ಎನ್ನುತ್ತ ರಾಣಿ ಕುರ್ಚಿ ನುಗ್ಗಿಸಿಕೊಂಡು ಬಂದಳು. ಗಾಲಿ ಕಂಡದ್ದೇ ಜನ ಎರಡು ಹೋಳಾದರು. ಹಿಂದೆಯೇ ಬಂದ ಅಕ್ಕ ಧೂಳಿನಲ್ಲೇ ಕೂತು, ಎರಡು ಬೆರಳನ್ನು ಕತ್ತರಿಯಂತೆ ಮಾಡಿ ಅವನ ಕಣ್ಣೆದುರು ಆಡಿಸಿದಳು.

"ಗುಂಡಾ, ಇಪ್ಪತ್ತು ಕತ್ತರಿ. ಆಮೇಲೆ ಇಲ್ಲಿಂದ ಹೋಗೋದು. ಇಪ್ಪತ್ತು... ಹತ್ತೊಂಬತ್ತು..."

ಹನ್ನೆರಡಕ್ಕೆ ಅವನ ತಲೆ ನಿಂತಿತು. ಐದಕ್ಕೆ ಎದ್ದು ಕೂತ. ಸೊನ್ನೆಗೆ ನಾವು ಸಾಲಿನಿಂದ ಹೊರಗಿದ್ದೆವು. ಹೇಳಿದ ಮಾತಿಗೆ ಅವಳು ತಪ್ಪುವವಳಲ್ಲ.

ಗಲಾಟೆ ಕೇಳಿ ಕೌಂಟರಿನ ಹುಡುಗಿಯೂ ಓಡಿ ಬಂದಿದ್ದಳು. ಅವನ ಹಣೆ ನೋಡಿ ಅವಳ ಮುಖ ಸಣ್ಣಗಾಯಿತು. "ಮೊದ್ಲೇ ಹೇಳ್ಬಾರ್ದಿತ್ತಾ, ಮೇಡಂ?" ಎಂದಳು.

"ಹೇಳಿದ್ನಲ್ಲಮ್ಮ" ಎಂದೆ. ಹೆಚ್ಚು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ.

ಅವಳು ಅಲ್ಲೇ ಗುಂಡನ ಕೈಗೆ ಹಳದಿ ಪಟ್ಟಿ ಕಟ್ಟಿದಳು. ನನ್ನ ಮಗನ ಸ್ವಂತ ಪಟ್ಟಿ. ಅದನ್ನು ಪಡೆಯಲು ಅವನು ನಾಲ್ಕು ಜನರ ಮುಂದೆ ನೆಲಕ್ಕೆ ಬೀಳಬೇಕಾಯಿತು. ನೆಟ್ಟಗೆ ನಿಂತು ನಮಸ್ಕಾರ ಹೇಳಿದವನಿಗೆ ಸಿಗಲಿಲ್ಲ.

ಮರದ ಕೆಳಗೆ ಕಾದೆವು. ಹೇಳಿದ ಹೊತ್ತಿಗೆ ಪಕ್ಕದ ಬಾಗಿಲಿಗೆ ಹೋದೆವು. ಬೆನ್ನು ನೇರ ನಿಲ್ಲದವರನ್ನು ಹತ್ತಿಸುವುದಿಲ್ಲವೆಂದು ಅಲ್ಲೇ ಬೋರ್ಡಿತ್ತು. ರಾಣಿ ಅದನ್ನು ಓದಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡಳು. ಬಾಗಿಲ ಕಾವಲಿನವನು "ಮಗು ಜೊತೆ ಒಬ್ರು ದೊಡ್ಡೋರು" ಎಂದ. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ.

"ದೊಡ್ಡಮ್ಮ" ಎಂದ ಗುಂಡ.

"ಅಮ್ಮ ಬರ್ತಾಳೆ ಕಣೋ, ಬಂಗಾರ" ಎಂದಳು ಅಕ್ಕ.

"ದೊಡ್ಡಮ್ಮ ಲೆಕ್ಕ ಹೇಳ್ಬೇಕು. ಅಮ್ಮ ಸುಳ್ಳು ಹೇಳ್ತಾಳೆ."

ಅವನು ಬೈದದ್ದಲ್ಲ. ಅವನಿಗೆ ಬೈಯಲು ಬರುವುದಿಲ್ಲ, ಇದ್ದದ್ದು ಹೇಳುತ್ತಾನೆ. ಅಕ್ಕ ನನ್ನ ಕಡೆ ನೋಡಿದಳು. ಆ ಕಣ್ಣಲ್ಲಿದ್ದ ಕನಿಕರ ನನಗೆ ಬೇಕಿರಲಿಲ್ಲ. "ಹೋಗು ಅಕ್ಕ, ಹೊತ್ತಾಗುತ್ತೆ" ಎಂದೆ. ಇಬ್ಬರೂ ಒಳಗೆ ಹೋದರು. ನಾನು ಬಂದು ರಾಣಿಯ ಕುರ್ಚಿಯ ಹಿಡಿ ಹಿಡಿದು ನಿಂತೆ.

ಚಕ್ರ ಏರಿತು. ಗುಂಡ ಕಿವಿ ಮುಚ್ಚಿಕೊಂಡಿರಲಿಲ್ಲ. ಎರಡೂ ಕೈ ಮೇಲಕ್ಕೆತ್ತಿದ್ದ, ಹಳದಿ ಪಟ್ಟಿ ಕೆಳಗಿನವರೆಗೂ ಕಾಣುತ್ತಿತ್ತು. ಅವನ ಪಕ್ಕ ಅಕ್ಕ, ತುರುಬು ಬಿಚ್ಚಿಹೋಗಿ, ಬಾಯಿ ತುಂಬ ನಗುತ್ತಿದ್ದಳು. ಬಂದಿದ್ದಕ್ಕೆ ನನ್ನ ಮಗನಿಗೆ ಬೇಕಾದದ್ದು ಸಿಕ್ಕಿತು. ನಾನು ಕೇಳಿದ ಪಟ್ಟಿಯೂ ಸಿಕ್ಕಿತು. ಆದರೂ ಎದೆಯೊಳಗೆ ಕೆಂಡ ಇಟ್ಟ ಹಾಗಿತ್ತು.

"ಚಿಕ್ಕಮ್ಮ, ಕುರ್ಚಿ ಅಲ್ಲಾಡ್ತಿದೆ. ಅಷ್ಟು ಗಟ್ಟಿಯಾಗಿ ಹಿಡೀಬೇಡಿ" ಎಂದಳು ರಾಣಿ.

ಕೈ ಸಡಿಲಿಸಿದೆ.

ಅವಳು ಚಕ್ರದ ಕಡೆ ತಲೆಯೆತ್ತಿದಳು. "ಅಮ್ಮ ಹೆಂಗೆ ನಗ್ತಿದಾಳೆ ನೋಡಿ. ನನ್ನ ಜೊತೆ ಬಂದ್ರೆ ಬ್ರೇಕ್ ಹಾಕಿದ್ಯಾ, ಬೆನ್ನು ನೋಯ್ತಿದ್ಯಾ, ಬರೀ ಇದೇ. ಹೀಗೆ ನಕ್ಕಿದ್ದು ನಾನು ನೋಡೇ ಇಲ್ಲ." ಮೇಲಿನಿಂದ ಕಣ್ಣು ತೆಗೆಯದೆಯೇ, "ಗುಂಡನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಚಿಕ್ಕಮ್ಮ. ಯಾರಿಗೂ ಹೇಳ್ಬೇಡಿ" ಎಂದಳು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಹುಡುಗಿಯ ಜೊತೆ ನನಗೆ ಮಾತೇ ಇರಲಿಲ್ಲ.

"ನಂಗೂ ಉರಿಯುತ್ತೆ ಕಣೇ" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ನಕ್ಕಳು. ಪಟ್ಟಿ ಕಟ್ಟಿದ ಕೈ ಹಿಂದಕ್ಕೆ ಚಾಚಿ ನನ್ನ ಕೈ ಮೇಲೆ ಇಟ್ಟಳು. ತೊಟ್ಟಿಲು ಸುತ್ತಿ ಕೆಳಗೆ, ನಮ್ಮ ತೀರಾ ಹತ್ತಿರಕ್ಕೆ ಬಂದಾಗ ನಾವಿಬ್ಬರೂ ಒಟ್ಟಿಗೇ ಕೈ ಬೀಸಿದೆವು. ಅವರು ಲೆಕ್ಕ ಹೇಳುವುದರಲ್ಲಿದ್ದರು, ನಮ್ಮನ್ನು ನೋಡಲಿಲ್ಲ.