ಫಿನಾಯಿಲ್ ಅಜ್ಜಿಯ ಮೊಮ್ಮಗಳಿಗೆ ಹುಳವಿಲ್ಲ

ಬೀದಿಯವರು ಅವಳನ್ನು ಫಿನಾಯಿಲ್ ಅಜ್ಜಿ ಎನ್ನುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಹೊತ್ತು ಹೊತ್ತಿಗೆ ಫಿನಾಯಿಲ್ ಹಾಕಿ ನೆಲ ಒರೆಸುವವಳು ಉಗುರು ಮಾತ್ರ ಕತ್ತರಿಸುತ್ತಿರಲಿಲ್ಲ. ಅದೇ ಕೈಯಲ್ಲಿ ಮೊಮ್ಮಗಳಿಗೆ ತುತ್ತು ಕಲಸುತ್ತಿದ್ದಳು.

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಗಂಡ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. “ನನ್ನ ಮಗನಿಗೆ ರೋಗವಾ?” ಎನ್ನುತ್ತಾ, ಕೆಮ್ಮುವ ಮಗನನ್ನು ಆಸ್ಪತ್ರೆಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡು ಮಣ್ಣು ಮಾಡಿದವಳು ಇದೇ ಅಜ್ಜಿ. ಸೊಸೆಗೆ ಉಳಿದದ್ದು ಒಂದು ಮಗು. ಅದಕ್ಕೂ ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ.

ಹೊಟ್ಟೆಹುಳದ ಜೊತೆ ಎಳೆಮಕ್ಕಳ ಮೈ ಹೇಗೆ ಕಾದಾಡುತ್ತದೆ ಎಂದು ಆಸ್ಪತ್ರೆಯವರು ಮಕ್ಕಳನ್ನು ಪರೀಕ್ಷೆ ಮಾಡಿ ನೋಡುತ್ತಿದ್ದರು. ನರ್ಸ್ ಬಂದು ಮಗುವಿನ ರಕ್ತ ತೆಗೆದಳು, ಮಲಕ್ಕೆ ಡಬ್ಬಿ ಕೊಟ್ಟು ಹೋದಳು. ಸೊಸೆ ಕೆಲಸಕ್ಕೆ ಹೋದಾಗ ಅಜ್ಜಿಯೇ ಡಬ್ಬಿ ತುಂಬಿಸಿ ಕೊಟ್ಟಳು. ಹುಳ ಇಲ್ಲ ಎಂಬ ಸುದ್ದಿ ಬಂದದ್ದೇ, ನಲ್ಲಿಯ ಹತ್ತಿರ ನಿಂತು ಬಂದವರಿಗೆಲ್ಲ ಸಾರಿದಳು. ಮೊಮ್ಮಗಳ ಮದುವೆ ಗೊತ್ತಾದಷ್ಟು ಸಡಗರ.

ಸೊಸೆಗೆ ರಜೆಯಿದ್ದ ದಿನ ನರ್ಸ್ ಮತ್ತೆ ಬಂದಳು.

“ಮೈಯಲ್ಲಿ ಹುಳ ಇದ್ರೆ ರಕ್ತದಲ್ಲಿ ಒಂಥರಾ ಬಿಳಿಕಣ ಜಾಸ್ತಿ ಆಗ್ತವೆ. ಇವಳಿಗೆ ವಿಪರೀತ ಇವೆ. ಡಬ್ಬಿಯಲ್ಲಿ ನೋಡಿದ್ರೆ ಹುಳದ ಒಂದು ಮೊಟ್ಟೇನೂ ಇಲ್ಲ. ಅದು ಈ ಮಗೂದೇ ತಾನೆ?”

“ಮತ್ಯಾರದು, ನಿಮ್ಮದಾ?” ಅಂದಳು ಅಜ್ಜಿ.

ಸೊಸೆ ತಲೆಯೆತ್ತಿದಳು. “ಅತ್ತೆ, ಅವತ್ತು ಮಗು ಎರಡಕ್ಕೆ ಹೋಗ್ಲೇ ಇಲ್ಲ ಅಂತ ನೀವೇ ಅಂದ್ರಿ. ಯಾರದು ಹಾಕಿದ್ರಿ?”

“ಮಹಡಿಮನೆ ಮಗೂದು.” ಸಂಬಳಕ್ಕೆ ಆ ಮಗುವಿನ ಕುಂಡೆ ತೊಳೆಯುವುದು ಅಜ್ಜಿಯ ಕೆಲಸ. “ಹಾಲು ಬೆಣ್ಣೆ ತಿಂದು ಬೆಳೆದದ್ದು. ಮನೆ ಮಾನ ಹೋಗಬಾರದು ಅಂತ ಚೆನ್ನಾಗಿರೋದೇ ಕೊಟ್ಟೆ. ಕದ್ದೆನಾ? ಅವರು ಹೇಗೂ ಬಿಸಾಡೋದು.”

ನರ್ಸ್ ನಗು ನುಂಗಿಕೊಂಡು ಕಿಟಕಿಯ ಕಡೆ ತಿರುಗಿದಳು. ಸೊಸೆಗೆ ನಗು ಬರಲಿಲ್ಲ.

“ಮಾನ ಉಳಿಸ್ತಾ ಉಳಿಸ್ತಾ ನಿಮ್ಮ ಮಗನ್ನ ಕಳೆದ್ರಿ. ಇವಳನ್ನ ನನಗೆ ಬಿಡಿ.”

ಮರುದಿನ ಅವಳು ಕಾರ್ಖಾನೆಗೆ ಹೋಗಲಿಲ್ಲ. ಮಗುವನ್ನು ಬೋಗುಣಿಯ ಮೇಲೆ ಕೂರಿಸಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕಾದಳು. ಡಬ್ಬಿ ತಾನೇ ಒಯ್ದು ಕೊಟ್ಟಳು. ಈ ಸಲ ಮೊಟ್ಟೆ ಸಿಕ್ಕಿತು. ಮಗುವಿಗೂ ಮನೆಮಂದಿಗೂ ಗುಳಿಗೆ ಕೊಟ್ಟರು.

ಮಗು ಗುಳಿಗೆ ನುಂಗಿದ ಮೇಲೆ ಬೋಗುಣಿಗೆ ಬಿದ್ದದ್ದನ್ನು ಸೊಸೆ ಅತ್ತೆಯನ್ನು ಕರೆದು ತೋರಿಸಿದಳು. ಅಜ್ಜಿ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು.

“ನಮ್ಮ ಕಡೆ ಇಂಥದ್ದೆಲ್ಲ ಇಲ್ಲಮ್ಮ. ಇದು ನಿನ್ನ ತವರಿಂದ ಬಂದಿರೋದು.”

ಸೊಸೆ ಅತ್ತೆಯ ಪಾಲಿನ ಗುಳಿಗೆಯನ್ನು ಅಂಗೈಗಿಟ್ಟು, ನೀರು ಕೊಟ್ಟು, ಗಂಟಲಿನಿಂದ ಕೆಳಗಿಳಿಯುವ ತನಕ ಎದುರಿಗೇ ನಿಂತಳು.